ಧಾರಣೆಯಾಚೆಯ ದಾಸ್ತಾನು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಬೆಳಗಿನ ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡ ಅಡಿಕೆ ಬೆಳೆಗಾರನ ಕಣ್ಣು ಮೊದಲು ಹೋಗಿ ನಿಲ್ಲುವುದು ಧಾರಣೆಯ ಅಂಕಣದ ಮೇಲೆ. ಶಿವಮೊಗ್ಗದಲ್ಲಿ ಸರಕಿಗೆ ಎಷ್ಟು, ಬೆಟ್ಟೆಗೆ ಎಷ್ಟು, ರಾಶಿಗೆ ಎಷ್ಟು, ಗೊರಬಲಿಗೆ ಎಷ್ಟು. ಸಾಗರದಲ್ಲಿ ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟುಗಳ ಕನಿಷ್ಠವೆಷ್ಟು, ಗರಿಷ್ಠವೆಷ್ಟು ಎಂಬುದನ್ನು ಮನಸ್ಸಿಗೆ ತಂದುಕೊಂಡ ಮೇಲೆಯೇ ಅವನು ಉಳಿದ ಲೋಕವಾರ್ತೆಗೆ ಹೊರಳುವನು. ಈಗಂತೂ ಪತ್ರಿಕೆ ಬರುವ ತನಕ ಕಾಯಬೇಕಾದ ಅಗತ್ಯವೂ ಉಳಿದಿಲ್ಲ; ಪ್ರಾಂಗಣದಲ್ಲಿ ಟೆಂಡರ್ ತೆರೆದ ಸ್ವಲ್ಪ ಹೊತ್ತಿನಲ್ಲಿಯೇ ಆ ಅಂಕಿಗಳು ಮೊಬೈಲ್ ಫೋನಿನ ಮೂಲಕ ನಿಟ್ಟೂರಿಗೂ ಕೋಣಂದೂರಿಗೂ ಶರಾವತಿ ಹಿನ್ನೀರಿನಾಚೆಯ ತುಮರಿಗೂ ಮುಟ್ಟಿಬಿಡುತ್ತವೆ.

ಈ ಶೀಘ್ರತೆಯನ್ನು ಕಂಡವರು ಸಾಮಾನ್ಯವಾಗಿ ಯಂತ್ರವನ್ನು ಹೊಗಳುತ್ತಾರೆ. ಆದರೆ ಯಂತ್ರವು ಬರುವುದಕ್ಕೆ ಎಷ್ಟೋ ಮುಂಚೆಯೇ ಅದರ ಪಾಲಿನ ಅತ್ಯಂತ ಕಠಿನವಾದ ಕೆಲಸವನ್ನು ನಮ್ಮ ತೋಟಿಗರೂ ಮಂಡಿಯ ಗುಮಾಸ್ತರೂ ಮಾಡಿ ಮುಗಿಸಿದ್ದರೆಂಬುದನ್ನು ನಾವು ಮರೆಯಬಾರದು. ಸುಲಿದು, ಚೊಗರಿನಲ್ಲಿ ಬೇಯಿಸಿ, ಚಪ್ಪರದ ಬಿಸಿಲಿನಲ್ಲಿ ಒಣಗಿಸಿದ ಅಡಿಕೆಯಲ್ಲಿ ಎಳೆಯದು ಯಾವುದು, ಬಲಿತದ್ದು ಯಾವುದು, ಅತಿಯಾಗಿ ಬಲಿತು ಗೊರಬಲಾದದ್ದು ಯಾವುದು ಎಂಬ ವಿಂಗಡಣೆಯನ್ನು ತಲೆಮಾರುಗಳ ಅಭ್ಯಾಸದಿಂದ ಅವರು ಎಷ್ಟು ಸ್ಥಿರಪಡಿಸಿದರೆಂದರೆ, ತೀರ್ಥಹಳ್ಳಿಯ ಬೆಳೆಗಾರನು ರಾಶಿ ಎಂದೊಡನೆ ಅವನನ್ನು ಎಂದೂ ಕಾಣದ ಉತ್ತರ ಭಾರತದ ವರ್ತಕನಿಗೂ ಅದೇ ವಸ್ತುವು ಕಣ್ಣೆದುರು ನಿಲ್ಲುವಂತಾಯಿತು. ಹೆಸರು ಸ್ಥಿರವಾದ ಮೇಲೆ ಅಂಕಿ ಸಂಚರಿಸತೊಡಗಿತು. ವಿಂಗಡಣೆ ಮೊದಲು, ಹಂಚಿಕೆ ಅನಂತರ ಎಂಬ ಈ ಕ್ರಮವನ್ನು ಅಡಿಕೆಯ ವಿಷಯದಲ್ಲಿ ಚೆನ್ನಾಗಿ ಬಲ್ಲ ನಮ್ಮ ಸಹಕಾರ ಸಂಘಗಳು, ತಮ್ಮಲ್ಲಿಯೇ ಶೇಖರವಾಗಿರುವ ಮತ್ತೊಂದು ಸಂಪತ್ತಿನ ವಿಷಯದಲ್ಲಿ ಅದನ್ನು ಇನ್ನೂ ಅನುಸರಿಸಿಲ್ಲವೆಂಬುದೇ ಈ ಲೇಖನದ ಪ್ರಮೇಯ. ಆ ಸಂಪತ್ತು ಅನುಭವದ್ದು: ಉಪವಿಧಿಗಳು, ವಾರ್ಷಿಕ ವರದಿಗಳು, ಠರಾವುಗಳು, ಲೆಕ್ಕದ ನಮೂನೆಗಳು, ರೋಗಗಳ ದಾಖಲೆ, ಮಳೆಯ ಲೆಕ್ಕ, ಒಂದು ಸಂಘವು ಕಷ್ಟದಲ್ಲಿ ಬಿದ್ದು ಮತ್ತೆ ಎದ್ದ ಬಗೆ. ಇವೆಲ್ಲವೂ ಇಂದು ಒಂದೊಂದು ಸಂಘದ ಒಂದೊಂದು ಕಪಾಟಿನಲ್ಲಿ, ಒಬ್ಬೊಬ್ಬ ಕಾರ್ಯದರ್ಶಿಯ ಒಂದೊಂದು ಫೋನಿನಲ್ಲಿ ಬಿಡಿಬಿಡಿಯಾಗಿ ಬಿದ್ದಿವೆ.

ಬೇರೆ ಬೇರೆಯಾಗಿ ನಿಂತರೆ ಸೋಲು, ಒಂದೆಡೆ ಕೂಡಿದರೆ ಬಲ ಎಂಬುದನ್ನು ಈ ಸೀಮೆಗೆ ಹೊಸದಾಗಿ ಯಾರೂ ಉಪದೇಶಿಸಬೇಕಾಗಿಲ್ಲ. ಭಾರತದಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂದುದು 1904ರಲ್ಲಿ. ಮರುವರ್ಷವೇ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘವು ಸ್ಥಾಪಿತವಾಯಿತು. ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನದೇ ಆದ ಶಾಸನವನ್ನು ಮಾಡಿಕೊಂಡಿತು. ಅಡಿಕೆಯ ಪ್ರದೇಶದಲ್ಲಿ, ಘಟ್ಟದ ಮೇಲಿನ ಶಿರಸಿಯಲ್ಲಿ, ತೋಟಗಾರರ ಮಾರಾಟ ಸಂಘವು 1923ರಲ್ಲಿಯೂ, ಶಿವಮೊಗ್ಗವನ್ನು ಕೇಂದ್ರವಾಗಿಟ್ಟುಕೊಂಡು ನಮ್ಮ ಮೂರು ತಾಲ್ಲೂಕುಗಳನ್ನೂ ಆವರಿಸಿದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು, ಎಂದರೆ ಎಲ್ಲರ ಬಾಯಲ್ಲಿ ಮ್ಯಾಮ್‌ಕೋಸ್ ಎನಿಸಿಕೊಂಡಿರುವ ಸಂಸ್ಥೆಯು, 1939ರಲ್ಲಿಯೂ ಹುಟ್ಟಿದವು. ಅನಂತರ ಸಾಗರದಲ್ಲಿ ಆಪ್ಸ್‌ಕೋಸ್ ಎಂಬ ಅಡಿಕೆ ಸಂಘವು ಬೆಳೆಯಿತು; 1970ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪಿತವಾಗಿ ಕರ್ನಾಟಕ-ಕೇರಳಗಳೆರಡನ್ನೂ ವ್ಯಾಪಿಸಿತು. ಇವುಗಳ ಜೊತೆಗೆ ಊರೂರಿನ ಕೃಷಿ ಪತ್ತಿನ ಸಂಘ, ಹಾಲಿನ ಸಂಘ, ಸೌಹಾರ್ದ ಸಹಕಾರಿ, ಮಹಿಳೆಯರ ಸಂಘ ಎಲ್ಲವನ್ನೂ ಎಣಿಸಿಕೊಂಡರೆ ಈ ಸೀಮೆಯಲ್ಲಿ ಯಾವುದಾದರೊಂದು ಸಂಘದ ಷೇರು ಇಲ್ಲದ ಕೃಷಿಕ ಕುಟುಂಬವು ವಿರಳವೆಂದೇ ಹೇಳಬೇಕು.

ಮಾರಾಟದ ಸಂಘವೊಂದರ ಪ್ರಾಂಗಣದಲ್ಲಿ ನಡೆಯುವ ವ್ಯವಹಾರವನ್ನು ಒಮ್ಮೆ ಸಾವಧಾನದಿಂದ ನೋಡಬೇಕು. ಸದಸ್ಯನ ಚೀಲಗಳು ಬಂದು ಇಳಿದೊಡನೆ ತೂಕವಾಗಿ, ಅವನ ಹೆಸರಿನಲ್ಲಿ ಲಾಟ್ ಸಂಖ್ಯೆ ಬೀಳುತ್ತದೆ. ಚೀಟಿಯಿಲ್ಲದ ಚೀಲವು ಒಳಗೆ ಹೋಗುವಂತಿಲ್ಲ. ಮಾದರಿಯ ಅಡಿಕೆಯನ್ನು ವರ್ತಕರು ಕೈಯಲ್ಲಿ ಹಿಡಿದು, ಒಡೆದು, ಒಳಗಿನ ಬಣ್ಣವನ್ನು ಪರೀಕ್ಷಿಸಿ, ತಮ್ಮ ತಮ್ಮ ದರವನ್ನು ನಮೂದಿಸುತ್ತಾರೆ. ಟೆಂಡರ್ ತೆರೆದ ಮೇಲೆ ಅತ್ಯಧಿಕ ದರವೇ ಬಂದಿದ್ದರೂ ಒಪ್ಪುವುದು ಅಥವಾ ಬಿಡುವುದು ಮಾಲಿನ ಒಡೆಯನ ಇಚ್ಛೆ. ಬೇಡವೆಂದರೆ ಮಾಲನ್ನು ಸಂಘದ ಗೋದಾಮಿನಲ್ಲಿಯೇ ಇರಿಸಿ, ಅದರ ಆಧಾರದ ಮೇಲೆ ಮುಂಗಡವನ್ನು ಪಡೆದು, ಒಳ್ಳೆಯ ಬೆಲೆಗಾಗಿ ಅವನು ಕಾಯಬಹುದು. ಇಲ್ಲಿ ನಾಲ್ಕು ಸಂಗತಿಗಳು ಒಟ್ಟಿಗೆ ಇವೆ: ಮಾಲು ಎಲ್ಲರದೂ ಒಂದೇ ಸೂರಿನಡಿಯಲ್ಲಿದೆ, ಆದರೂ ಯಾರದು ಯಾವುದೆಂಬುದು ಅಳಿಸಿಹೋಗಿಲ್ಲ, ದರ್ಜೆಯು ನಿಶ್ಚಿತವಾಗಿದೆ, ಬೀಗದ ಕೈ ಯಾರ ಬಳಿಯಲ್ಲಿದೆಯೆಂಬುದು ಎಲ್ಲರಿಗೂ ಗೊತ್ತಿದೆ. ಅಂತರ್ಜಾಲದಲ್ಲಿ ಸಂಘಗಳು ಕೂಡಿ ಒಂದು ಜ್ಞಾನದ ದಾಸ್ತಾನನ್ನು ಮಾಡಬೇಕೆಂದರೆ ಅದಕ್ಕೆ ಬೇಕಾದ ಸಂವಿಧಾನವು ಈ ಗೋದಾಮಿನಲ್ಲಿಯೇ ಸಿದ್ಧವಾಗಿದೆ ಎಂದು ನನಗೆ ತೋರುತ್ತದೆ.

ಈಗಿನ ಸ್ಥಿತಿ ಏನು? ಯಾವುದಾದರೊಂದು ಹೋಬಳಿಯ ಪತ್ತಿನ ಸಂಘದ ಕಚೇರಿಯನ್ನು ಹೊಕ್ಕರೆ, ಗೋಡೆಯ ಪಕ್ಕದ ಉಕ್ಕಿನ ಕಪಾಟಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ನಡವಳಿ ಪುಸ್ತಕಗಳೂ, ದಾರ ಕಟ್ಟಿದ ಕಡತಗಳೂ, ಸರ್ವಸದಸ್ಯರ ವಾರ್ಷಿಕ ಮಹಾಸಭೆಗೆಂದು ಅಚ್ಚು ಹಾಕಿಸಿದ ವರದಿಗಳೂ ಸಾಲಾಗಿ ನಿಂತಿರುವುದು ಕಾಣುತ್ತದೆ. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದೂ ಗೆದ್ದಲು ಹತ್ತುವುದೂ ಹೊಸ ಸಂಗತಿಯಲ್ಲ. ವಾರ್ಷಿಕ ವರದಿಗಳನ್ನು ಎಷ್ಟೋ ವರ್ಷಗಳಿಂದ ಗಣಕಯಂತ್ರದಲ್ಲಿಯೇ ಬೆರಳಚ್ಚು ಮಾಡಿಸುತ್ತಿದ್ದರೂ, ಅವು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದವುಗಳಾದ್ದರಿಂದ, ಆ ಅಕ್ಷರಶೈಲಿ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಯೂನಿಕೋಡಿಗೆ ಪರಿವರ್ತಿಸದ ಹೊರತು ಅವುಗಳಲ್ಲಿ ಒಂದು ಶಬ್ದವನ್ನು ಹುಡುಕುವುದೂ ಸಾಧ್ಯವಿಲ್ಲ. ಇನ್ನು ಕೆಲವನ್ನು ಫೋಟೋ ತೆಗೆದು ಪಿಡಿಎಫ್ ಮಾಡಿಟ್ಟಿರುತ್ತಾರೆ. ಅದನ್ನು ಕಣ್ಣು ಓದುತ್ತದೆ, ಯಂತ್ರವು ನೇರವಾಗಿ ಓದಲಾರದು. ಇವೆಲ್ಲಕ್ಕಿಂತ ಚಿಂತೆಗೆ ಕಾರಣವಾದದ್ದು ಮತ್ತೊಂದಿದೆ. ಸಂಘದ ಇ-ಮೇಲ್ ಖಾತೆಯು ಬಹಳಷ್ಟು ಕಡೆ ಒಬ್ಬ ನೌಕರರ ಸ್ವಂತ ಫೋನಿನ ಸಂಖ್ಯೆಗೆ ಜೋಡಿಸಲ್ಪಟ್ಟಿರುತ್ತದೆ. ಅವರು ನಿವೃತ್ತರಾದ ದಿನ ಪಾಸ್‌ವರ್ಡ್ ಕೂಡ ಅವರೊಂದಿಗೆ ಮನೆಗೆ ಹೋಗುತ್ತದೆ.

ಇದರಿಂದ ಆಗುವ ನಷ್ಟವು ಕಣ್ಣಿಗೆ ಕಾಣುವಂಥದಲ್ಲ. ಉಪವಿಧಿಯ ಒಂದು ಕಲಮನ್ನು ತಿದ್ದಬೇಕಾದ ಸಂಘವು, ಅಂತಹುದೇ ತಿದ್ದುಪಡಿಯನ್ನು ನೆರೆಯ ತಾಲ್ಲೂಕಿನ ಸಂಘವು ಆಗಲೇ ಮಾಡಿ, ನಿಬಂಧಕರಿಂದ ಅನುಮೋದನೆಯನ್ನೂ ಪಡೆದಿರುವುದನ್ನು ತಿಳಿಯದೆ, ಮತ್ತೆ ಮೊದಲಿನಿಂದ ಕರಡು ಬರೆಸುತ್ತದೆ. ಗೊಬ್ಬರದ ದಾಸ್ತಾನು ಪುಸ್ತಕದ ನಮೂನೆ, ಆಭರಣ ಸಾಲದ ಷರತ್ತುಪತ್ರ, ಸಾಲ ವಸೂಲಿಯ ತಿಳಿವಳಿಕೆ ಪತ್ರ, ಹೊಸ ನಿರ್ದೇಶಕರಿಗೆ ತಿಳಿಸಬೇಕಾದ ಕಾನೂನಿನ ಸಂಗತಿಗಳು, ಇವು ಎಲ್ಲ ಸಂಘಗಳಿಗೂ ಸಮಾನವಾಗಿ ಬೇಕಾದವು. ಒಬ್ಬರು ಚೆನ್ನಾಗಿ ಮಾಡಿದರೆ ಉಳಿದವರಿಗೆ ಆಗುವಂಥವು. ಅಡಿಕೆಯನ್ನು ಒಬ್ಬನು ಮಾರಿದರೆ ಅದು ಅವನ ಕೈಬಿಟ್ಟು ಹೋಗುತ್ತದೆ. ಒಳ್ಳೆಯ ನಮೂನೆಯೊಂದನ್ನು ಎಲ್ಲರಿಗೂ ಕೊಟ್ಟರೂ ಅದು ಕೊಟ್ಟವನಲ್ಲಿಯೇ ಪೂರ್ಣವಾಗಿ ಉಳಿದಿರುತ್ತದೆ.

ಆದರೆ ನಮೂನೆಗಳ ಮಾತನ್ನು ಇಲ್ಲಿಗೆ ಸಾಕುಮಾಡುತ್ತೇನೆ. ಈ ವಿಷಯದ ಗಾಂಭೀರ್ಯವು ನಿಜವಾಗಿ ಅರಿವಾಗುವುದು ತೋಟದೊಳಗೆ.

ಕೆಲವು ವರ್ಷಗಳಿಂದೀಚೆಗೆ ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರುಗಳ ಕಡೆಯಲ್ಲಿಯೂ, ತೀರ್ಥಹಳ್ಳಿಯ ಆಗುಂಬೆಯ ಆಸುಪಾಸಿನಲ್ಲಿಯೂ, ಸಾಗರದ ಮಳೆ ಹೆಚ್ಚಿರುವ ಹಳ್ಳಿಗಳಲ್ಲಿಯೂ ಎಲೆಚುಕ್ಕೆ ರೋಗವು ಅಡಿಕೆಯ ತೋಟಗಳನ್ನು ಆಕ್ರಮಿಸುತ್ತಿದೆ. ಮೊದಲು ಕೆಳಗಿನ ಸೋಗೆಯ ಮೇಲೆ ಹಳದಿ ಅಂಚಿನ ಸಣ್ಣ ಕಂದು ಚುಕ್ಕೆಗಳು ಏಳುತ್ತವೆ. ಅವು ಹರಡಿ ಒಂದನ್ನೊಂದು ಕೂಡಿಕೊಂಡು ಎಲೆಯನ್ನೇ ಒಣಗಿಸುತ್ತವೆ. ಕಾಲಕ್ರಮದಲ್ಲಿ ಮರವು ಸೊರಗಿ ಫಸಲು ಇಳಿಯುತ್ತದೆ. ಕಾರಣವು ಶಿಲೀಂಧ್ರವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ; ತೀರ್ಥಹಳ್ಳಿ ಬಳಿಯ ಸೀಬಿನಕೆರೆಯ ಅಡಿಕೆ ಸಂಶೋಧನಾ ಕೇಂದ್ರವೂ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ನೆಲೆಸಿರುವ ಕೃಷಿ ವಿಶ್ವವಿದ್ಯಾಲಯವೂ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದರ ವಿಷಯದಲ್ಲಿ ಸಲಹೆಗಳನ್ನು ಕೊಡುತ್ತಿವೆ. ಬೆಳೆಗಾರನಾದರೋ ಒಂದು ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತಾನೆ. ಆ ಚಿತ್ರವು ಒಂದು ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಫಾರ್ವರ್ಡ್ ಆಗುತ್ತ ಹೋದಂತೆ, ಯಾವ ಊರಿನ ತೋಟ, ಯಾವ ತಿಂಗಳು, ಮರದ ವಯಸ್ಸೆಷ್ಟು, ಅದಕ್ಕೆ ಮೊದಲು ಏನನ್ನು ಸಿಂಪಡಿಸಿದ್ದರು ಎಂಬ ವಿವರಗಳೆಲ್ಲ ಉದುರಿ, ಕೊನೆಗೆ ಒಂದು ಒಣಗಿದ ಎಲೆ ಮಾತ್ರ ಉಳಿಯುತ್ತದೆ. ಅದರ ಕೆಳಗೆ ಹತ್ತು ಜನ ಹತ್ತು ಔಷಧಗಳನ್ನು ಹೇಳುತ್ತಾರೆ. ಮೂರು ದಿನ ಕಳೆಯುವಷ್ಟರಲ್ಲಿ ಆ ಸಂಭಾಷಣೆಯು ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ. ಮುಂದಿನ ಮಳೆಗಾಲದಲ್ಲಿ ಅದೇ ಪ್ರಶ್ನೆಯನ್ನು ಮತ್ತೊಬ್ಬನು ಹೊಸದಾಗಿ ಕೇಳುತ್ತಾನೆ.

ಈ ತೋಟಗಳಲ್ಲಿ ಜ್ಞಾನವು ಹೀಗೆ ಚದುರಿಹೋಗದೆ ನೆಲೆನಿಂತ ದೃಷ್ಟಾಂತವೊಂದು ನಮ್ಮ ಹಿಂದೆಯೇ ಇದೆ. ಕೊಳೆರೋಗವು ಮಲೆನಾಡಿಗೆ ಬಹು ಹಳೆಯ ಶತ್ರು; ಗೊನೆಗೆ ಕೊಟ್ಟೆ ಕಟ್ಟಿ ಮಳೆಯ ಹೊಡೆತದಿಂದ ಕಾಪಾಡಿಕೊಳ್ಳುವುದೊಂದೇ ಹಿಂದೆ ಬೆಳೆಗಾರನಿಗೆ ಗೊತ್ತಿದ್ದ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯು ಈ ರೋಗವನ್ನು ಅಭ್ಯಾಸ ಮಾಡಿ, ಅದರ ಮೂಲವಾದ ಶಿಲೀಂಧ್ರವನ್ನು ವರ್ಣಿಸಿ, 1910ರಲ್ಲಿ ತನ್ನ ಶೋಧವನ್ನು ಪುಸ್ತಿಕೆಯ ರೂಪದಲ್ಲಿ ಪ್ರಕಟಿಸಿದನು. ಬೋರ್ಡೋ ದ್ರಾವಣದ ಸಿಂಪರಣೆಯು ಅಲ್ಲಿಂದ ಮುಂದೆ ಊರೂರಿಗೆ ಹಬ್ಬಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಸೂತ್ರವನ್ನು ಇಂದು ಮರ ಹತ್ತುವ ಕೊನೆಗಾರನೂ ಬಾಯಿಪಾಠವಾಗಿ ಹೇಳಬಲ್ಲನು. ಅದು ಹಾಗೆ ಉಳಿದುಬಂದದ್ದು ಯಾರೋ ಕಂಡು, ಅಳೆದು, ಬರೆದು, ಹೆಸರಿಟ್ಟು, ಎಲ್ಲರಿಗೂ ಸಿಕ್ಕುವಂತೆ ಮಾಡಿದುದರಿಂದ. ಇಂದಿನ ಎಲೆಚುಕ್ಕೆಯ ವಿಷಯದಲ್ಲಿ ಕಾಣುವ ಕಣ್ಣುಗಳು ಸಾವಿರಾರು ಇವೆ. ದಿನದಿನದ ಮಳೆಯನ್ನು ಮಾಪಕದಲ್ಲಿ ಅಳೆದು ನೋಟುಬುಕ್ಕಿನಲ್ಲಿ ಬರೆದಿಡುವ ಕೃಷಿಕರು ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಒಂದೊಂದು ಸಂಘವು ತನ್ನ ವ್ಯಾಪ್ತಿಯ ಕೆಲವು ತೋಟಗಳನ್ನು ಆರಿಸಿಕೊಂಡು, ಊರು, ದಿನಾಂಕ, ಮರದ ವಯಸ್ಸು, ಮಳೆ, ಸಿಂಪಡಿಸಿದ ಔಷಧ, ಅದರ ಪರಿಣಾಮ ಎಂಬ ಆರು ಅಂಶಗಳನ್ನು ಮಾತ್ರ ಒಂದೇ ನಮೂನೆಯಲ್ಲಿ ಬರೆದು ಎಲ್ಲರಿಗೂ ಕಾಣುವ ಒಂದೆಡೆ ಇರಿಸಿದ್ದಾದರೆ, ಕೆಲವೇ ಮಳೆಗಾಲಗಳಲ್ಲಿ ಯಾವ ಸಂಶೋಧನಾಲಯದಲ್ಲಿಯೂ ಸಿಕ್ಕದಂತಹ ದಾಖಲೆಯು ಬೆಳೆಗಾರರ ಸ್ವಂತ ಆಸ್ತಿಯಾಗಿ ನಿಲ್ಲುವುದೆಂದು ನಾನು ದೃಢವಾಗಿ ನಂಬಿದ್ದೇನೆ.

ಇಂತಹ ಕ್ರಮಬದ್ಧವಾದ ಲೆಕ್ಕವನ್ನು ಈ ನೆಲವು ಹಿಂದೆಯೇ ಕಂಡಿದೆ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಬಿದನೂರಿನಿಂದ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ, ಆಳಿದ ಶಿವಪ್ಪನಾಯಕನ ಶಿಸ್ತು ಜನಜನಿತವಾದದ್ದು. ಒಂದೊಂದು ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯಲ್ಲಿ ಒಂದು ಹೊಲವನ್ನು ಆರಿಸಿ, 12 ವರ್ಷ ಎಡೆಬಿಡದೆ ಅದನ್ನು ಸಾಗು ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಹುಟ್ಟುವಳಿಯೆಷ್ಟು ಎಂಬುದನ್ನು ಬರೆಯಿಸಿ, ಅವುಗಳ ಸರಾಸರಿಯನ್ನು ತೆಗೆದು, ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ ಮೊದಲಾಗಿ ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ಅವನು ನಿಗದಿ ಮಾಡಿದನೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಅಡಿಕೆಯ ತೋಟಕ್ಕೆ ಮರಗಳ ಎಣಿಕೆಯ ಮೇಲೆ ಕಂದಾಯವಿತ್ತು. ಅದು ರಾಜನು ತೆರಿಗೆಗೋಸ್ಕರ ಮಾಡಿಸಿದ ಲೆಕ್ಕವೆಂಬುದು ನಿಜ. ಆದರೆ 12 ವರ್ಷದ ತಾಳ್ಮೆ, ಒಂದೇ ಬಗೆಯ ನಮೂನೆ, ನಿಶ್ಚಿತವಾದ ತರಗತಿ ಎಂಬ ಮೂರು ಗುಣಗಳಿಂದಾಗಿ ಅದು ಅವನ ಕಾಲವನ್ನು ದಾಟಿ ಮುಂದಿನ ಆಡಳಿತಗಳಿಗೂ ಆಧಾರವಾಯಿತು. ಅದೇ ಗುಣಗಳು ಸದಸ್ಯರ ಹಿತಕ್ಕಾಗಿ, ಸದಸ್ಯರ ಕೈಯಿಂದಲೇ ಪ್ರಯೋಗವಾದರೆ ಫಲವು ಎಷ್ಟಿರಬೇಡ! ಸಾಗರದ ಪಕ್ಕದ ಕೆಳದಿಯಲ್ಲಿ, ಕೆಳದಿ ಗುಂಡಾಜೋಯಿಸರ ಜೀವಮಾನದ ಶ್ರಮದಿಂದ ಸಂಗ್ರಹವಾದ ಓಲೆಗರಿ, ಕಡತಗಳು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಓದಲು ದೊರೆಯುತ್ತಿವೆ; ನಮ್ಮ ಸಂಘಗಳ ಇಪ್ಪತ್ತು ವರ್ಷದ ಹಿಂದಿನ ಗಣಕಕಡತವು ಅಷ್ಟು ಸುಲಭವಾಗಿ ದೊರೆಯುವುದಿಲ್ಲವೆಂಬುದು ಯೋಚಿಸತಕ್ಕ ಸಂಗತಿ.

ಸರ್ಕಾರವು ಈ ದಿಕ್ಕಿನಲ್ಲಿ ಏನನ್ನೂ ಮಾಡುತ್ತಿಲ್ಲವೆಂದು ಹೇಳಲಾಗದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದ ಅಡಿಯಲ್ಲಿ ಗಣಕೀಕರಣಗೊಳಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದೀಚೆಗೆ ಇ-ಟೆಂಡರ್ ವ್ಯವಸ್ಥೆ ಕ್ರಮೇಣ ನೆಲೆಗೊಂಡಿದೆ. ಇವುಗಳಿಂದ ಲೆಕ್ಕಪತ್ರವು ಶುದ್ಧವಾಗುತ್ತದೆ, ವಂಚನೆಗೆ ಅವಕಾಶ ಕಡಮೆಯಾಗುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಅಲ್ಲಿ ಅಂಕಿಗಳು ಕೆಳಗಿನಿಂದ ಮೇಲಕ್ಕೆ ಹರಿಯುತ್ತವೆ. ನೆರೆಯ ಸಂಘದಿಂದ ನೆರೆಯ ಸಂಘಕ್ಕೆ ಅನುಭವವು ಹರಿಯಬೇಕಾದ ಅಡ್ಡಗಾಲುವೆಯನ್ನು ತೋಡಬೇಕಾದವರು ಸಂಘದವರೇ.

ಆ ಅಡ್ಡಗಾಲುವೆಯನ್ನು ಸಹಕಾರ ತತ್ತ್ವವೇ ವಿಧಿಸಿದೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರು ಹಾಕಿಕೊಟ್ಟ ನಿಯಮಗಳು ಪರಿಷ್ಕಾರಗೊಳ್ಳುತ್ತ ಬಂದು, 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ಅಂಗೀಕರಿಸಿದ ಏಳು ತತ್ತ್ವಗಳಾದವು. ಅವುಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ, ಆರನೆಯದು ಸಹಕಾರ ಸಂಘಗಳ ನಡುವಣ ಸಹಕಾರ. ಈ ಆರನೆಯ ತತ್ತ್ವಕ್ಕೆ ಅಂತರ್ಜಾಲದಲ್ಲಿ ರೂಪ ಕೊಟ್ಟವರೂ ಇದ್ದಾರೆ. ಜಾಲತಾಣದ ವಿಳಾಸದ ಕೊನೆಯಲ್ಲಿ ಬರುವ ಡಾಟ್ ಕಾಮ್ ಎಂಬುದರಂತೆ, ಸಹಕಾರ ಸಂಸ್ಥೆಗಳಿಗೆ ಮಾತ್ರ ಮೀಸಲಾದ ಡಾಟ್ ಕೂಪ್ ಎಂಬ ವಿಳಾಸವು 2002ರಿಂದ ಬಳಕೆಯಲ್ಲಿದೆ. ಫ್ರಾನ್ಸಿನಲ್ಲಿ ಹುಟ್ಟಿದ ಕೂಪ್‌ಸೈಕಲ್ ಎಂಬ ಒಕ್ಕೂಟವು, ಬೈಸಿಕಲ್ಲಿನ ಮೇಲೆ ಸರಕು ತಲಪಿಸುವ ಕಾರ್ಮಿಕರ ಸಂಘಗಳಿಗೋಸ್ಕರ ಒಂದು ತಂತ್ರಾಂಶವನ್ನು ಬರೆಸಿ, ಅದನ್ನು ವಾಣಿಜ್ಯಕ್ಕೆ ಬಳಸುವ ಹಕ್ಕನ್ನು ಸಹಕಾರ ಸಂಘಗಳಿಗೆ ಮಾತ್ರ ಕೊಡುವ ಷರತ್ತನ್ನು ವಿಧಿಸಿದೆ. ಎಲ್ಲರದಾಗಿರುವುದನ್ನು ಬಲಿಷ್ಠನೊಬ್ಬನು ಬಂದು ಬಾಚಿಕೊಂಡು ಹೋಗದಿರುವಂತೆ ಬೇಲಿ ಹಾಕುವ ಈ ವಿವೇಕವು ನಮಗೂ ಬೇಕು. ಸಾಮುದಾಯಿಕ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರೆಂದು ತೋರಿಸಿಕೊಟ್ಟು 2009ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯು, ಅಂತಹ ನಿಯಮಗಳಲ್ಲಿ ಮೊದಲನೆಯದಾಗಿ ಹೇಳಿದ್ದು ಮೇರೆಯನ್ನೇ: ಯಾರು ಒಳಗಿನವರು, ಯಾವುದು ಒಳಗಿನದು ಎಂಬುದು ಸ್ಪಷ್ಟವಾಗಿರಬೇಕು.

ಮೇರೆಯ ಪ್ರಶ್ನೆಯಲ್ಲಿ ನನ್ನ ಅಭಿಪ್ರಾಯವು ನಿಷ್ಠುರವಾಗಿದೆ. ಸದಸ್ಯನ ಸಾಲದ ಬಾಕಿ, ಪಹಣಿಯ ವಿವರ, ಆಧಾರ್ ಸಂಖ್ಯೆ, ಕೃಷಿಕರ ನೋಂದಣಿಯ ಫ್ರೂಟ್ಸ್ ಐಡಿ, ಬ್ಯಾಂಕ್ ಖಾತೆ ಇವುಗಳಲ್ಲಿ ಒಂದೂ ಹಂಚಿಕೆಯ ದಾಸ್ತಾನಿಗೆ ಬರಕೂಡದು. ಸುಸ್ತಿದಾರರ ಪಟ್ಟಿಯ ಚಿತ್ರವು ಗುಂಪಿನಿಂದ ಗುಂಪಿಗೆ ಹೋಗಿ ಒಂದು ಮನೆಯ ಮಾನವನ್ನು ಬೀದಿಗೆ ಎಳೆಯುವುದು ಸಹಕಾರವಲ್ಲ; 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಬರದಿದ್ದರೂ ಅದು ತಪ್ಪೇ ಆಗಿರುತ್ತಿತ್ತು. ಒಳಗೆ ಬರಬೇಕಾದವು ಬೇರೆ: ಅನುಮೋದಿತ ಉಪವಿಧಿ, ಮುದ್ರಿತ ವಾರ್ಷಿಕ ವರದಿ, ಖಾಲಿ ನಮೂನೆಗಳು, ಸುತ್ತೋಲೆಗಳು, ತರಬೇತಿಯ ಪಾಠಗಳು, ರೋಗ ಮತ್ತು ಮಳೆಯ ದಾಖಲೆ, ಯಂತ್ರೋಪಕರಣಗಳ ವಿಷಯದ ಅನುಭವ. ಬಂದದ್ದಕ್ಕೆಲ್ಲ ಸಂಘದ ಹೆಸರು, ವರ್ಷ, ವಿಷಯ ಎಂಬ ಮೂರನ್ನು ಕನ್ನಡದಲ್ಲಿ ಬರೆದ ಶೀರ್ಷಿಕೆಯಿರಬೇಕು. ಫೋನು ತಾನಾಗಿ ಕೊಟ್ಟ ಅಂಕಿಮಾಲೆಯನ್ನೇ ಹೆಸರಾಗಿ ಹೊತ್ತು ಬಂದ ಕಡತವನ್ನು, ಚೀಟಿಯಿಲ್ಲದ ಚೀಲವನ್ನು ತಡೆಯುವಂತೆ, ಬಾಗಿಲಲ್ಲಿಯೇ ತಡೆಯಬೇಕು. ಹಳತಾದ ಸುತ್ತೋಲೆಯ ಮೇಲೆ ಅದು ಹಳತೆಂಬ ಗುರುತು ಬೀಳಬೇಕು, ಏಕೆಂದರೆ ರದ್ದಾದ ನಿಯಮವನ್ನು ಜಾರಿಯಲ್ಲಿದೆಯೆಂದು ತಿಳಿದ ಕಾರ್ಯದರ್ಶಿಯು ಏನೂ ತಿಳಿಯದವನಿಗಿಂತ ಹೆಚ್ಚಿನ ತೊಂದರೆಗೆ ಸಿಕ್ಕುತ್ತಾನೆ. ಬೀಗದ ಕೈ ಒಬ್ಬನಲ್ಲಿ ಇರಬಾರದು. ಇಬ್ಬರು ಅಥವಾ ಮೂವರು ಪಾಲಕರು ಬೇರೆ ಬೇರೆ ಸಂಘಗಳಿಂದ ಬಂದು, ಗೊತ್ತಾದ ಅವಧಿಗೆ ಹೊಣೆಯನ್ನು ಹೊತ್ತು, ಅನಂತರ ಲಿಖಿತವಾಗಿ ಅಧಿಕಾರವನ್ನು ಹಸ್ತಾಂತರಿಸಬೇಕು.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಚರಕವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ 1990ರ ದಶಕದಲ್ಲಿ ಬೆಳೆದ ಈ ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣವನ್ನು ಕಟ್ಟುವುದರಲ್ಲಿ ಹೆಸರಾದದ್ದು. ಅಡಿಕೆ ಬೇಯಿಸಿದ ಚೊಗರೇ ಅಲ್ಲಿ ಒಂದು ಬಣ್ಣದ ಮೂಲ. 2020ರಲ್ಲಿ ಮಾರಾಟವು ನಿಂತು, ತಾನು ದಿವಾಳಿಯಾಗಿರುವೆನೆಂದು ಆ ಸಂಘವೇ ಬಹಿರಂಗವಾಗಿ ಸಾರಬೇಕಾದ ಕಷ್ಟವೂ ಬಂದಿತು. ಬಣ್ಣ ಕಟ್ಟುವ ಕೈಗಳ ಅರಿವು ಅಡಿಕೆಯ ಅರಿವಿಗಿಂತ ಭಿನ್ನವಾದದ್ದು; ಚೊಗರು ಎಷ್ಟು ಮಂದವಾಗಿರಬೇಕು, ನೂಲು ಎಷ್ಟು ಹೊತ್ತು ಅದ್ದಿರಬೇಕು, ಮೋಡ ಕವಿದ ದಿನ ಒಣಗಿಸಿದರೆ ಬಣ್ಣ ಹೇಗೆ ತಿರುಗುತ್ತದೆ ಎಂಬುದು ಬರವಣಿಗೆಗೆ ಪೂರ್ತಿಯಾಗಿ ಒಗ್ಗುವುದಿಲ್ಲ. ಅಂಥದನ್ನು ಕೆಲಸ ಮಾಡುವ ಹೆಂಗಸರ ಧ್ವನಿಯಲ್ಲಿ, ಅವರ ಕೈಗಳ ಚಲನೆಯೊಂದಿಗೆ, ಸಣ್ಣ ಸಣ್ಣ ವಿಡಿಯೋಗಳಾಗಿ ಹಿಡಿದಿಡುವುದು ಯೋಗ್ಯ. ಹಾಗೆ ಹಿಡಿದಿಟ್ಟದ್ದರ ಒಡೆತನ ಅವರದೇ ಆಗಿರಬೇಕು. ಯಾರಿಗೆ ಎಷ್ಟನ್ನು ತೋರಿಸಬೇಕೆಂದು ತೀರ್ಮಾನಿಸುವವರೂ ಅವರೇ ಆಗಿರಬೇಕು. ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವ ಮಹಿಳಾ ಸಂಘಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಎಲ್ಲವನ್ನೂ ತೆರೆದಿಡುವುದು ಔದಾರ್ಯವೆಂದು ತೋರಬಹುದು, ಆದರೆ ಬಡವರ ಏಕೈಕ ಬಂಡವಾಳವನ್ನು ಅವರನ್ನು ಕೇಳದೆ ತೆರೆದಿಡುವುದು ಔದಾರ್ಯವಲ್ಲ.

ಬರೆಯುವವರು ಯಾರು ಎಂಬ ಪ್ರಶ್ನೆಗೆ ಪುತ್ತೂರಿನ ಅಡಿಕೆ ಪತ್ರಿಕೆಯು 1988ರಿಂದ ಉತ್ತರ ಕೊಡುತ್ತ ಬಂದಿದೆ. ಕೃಷಿಕನು ತನ್ನ ಅನುಭವವನ್ನು ತಾನೇ ಬರೆಯಬಲ್ಲನು, ಮತ್ತೊಬ್ಬ ಕೃಷಿಕನು ಅದನ್ನು ನಂಬಿ ಓದುತ್ತಾನೆ ಎಂಬುದನ್ನು ಅದು ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ತೋರಿಸಿಕೊಟ್ಟಿತು. ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಮ್ ರಂಗಸಂಸ್ಥೆಯನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರೂ ಅಡಿಕೆ ತೋಟದವರೇ. ಇಲ್ಲಿ ಓದು ಬರಹದ ಅಭಾವವಿಲ್ಲ. ಬೆಂಗಳೂರಿನ ಕಂಪ್ಯೂಟರ್ ಕೆಲಸವನ್ನು ಬಿಟ್ಟು ಅಥವಾ ಜೊತೆಯಲ್ಲಿ ತಂದುಕೊಂಡು ತೋಟಕ್ಕೆ ಮರಳಿದ ತರುಣ ತರುಣಿಯರೂ ಈಗ ಊರೂರಿನಲ್ಲಿದ್ದಾರೆ. ಅಭಾವವಿರುವುದು ಸಂಪರ್ಕದ್ದು. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಹಿನ್ನೀರಿನ ಆಚೆ ಉಳಿದ ಹಳ್ಳಿಗಳಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯು ಉದ್ಘಾಟನೆಯಾದುದು 2025ರ ಜುಲೈ ತಿಂಗಳಿನಲ್ಲಿ. ಮೊಬೈಲ್ ಸಂಕೇತಕ್ಕಾಗಿ ಗುಡ್ಡ ಹತ್ತುವ ಊರುಗಳು ಮೂರು ತಾಲ್ಲೂಕುಗಳಲ್ಲಿಯೂ ಇನ್ನೂ ಇವೆ. ಆಷಾಢದ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ ದಿನಗಟ್ಟಲೆ ಬಾರದಿರುವುದೂ ಉಂಟು. ಆದುದರಿಂದ ಈ ದಾಸ್ತಾನು ಭಾರವಾಗಿರಕೂಡದು. ಕಡತಗಳು ಸಣ್ಣವಾಗಿರಲಿ, ವರ್ಷಕ್ಕೆರಡು ಬಾರಿ ಅದರ ಪೂರ್ಣ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ ಪ್ರತಿ ಸಂಘದ ಕಚೇರಿಗೂ ಹೋಗಲಿ, ಮುಖ್ಯವಾದವುಗಳ ಅಚ್ಚು ಪ್ರತಿ ಕಪಾಟಿನಲ್ಲಿಯೇ ಇರಲಿ. ಕಾಗದವನ್ನು ತಿರಸ್ಕರಿಸುವ ಗಣಕೀಕರಣವು ಮಲೆನಾಡಿನ ಮಳೆಗಾಲವನ್ನು ಅರಿಯದವರ ಯೋಜನೆಯಾದೀತು.

ಹಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕಾನೂನಿನಂತೆ ಪ್ರತಿ ಸಂಘವೂ ತನ್ನ ನಿವ್ವಳ ಲಾಭದ ಒಂದಂಶವನ್ನು ಸಹಕಾರ ಶಿಕ್ಷಣ ನಿಧಿಗೆ ತೆಗೆದಿಡುತ್ತದೆ. ಶಿಕ್ಷಣವೆಂದರೆ ಏನೆಂಬುದನ್ನು ಸ್ವಲ್ಪ ವಿಶಾಲವಾಗಿ ಅರ್ಥಮಾಡಿಕೊಂಡರೆ ಇಂತಹ ಕೆಲಸಕ್ಕೆ ರಾಜ್ಯ ಸಹಕಾರ ಮಹಾಮಂಡಲದ ನೆರವನ್ನು ಕೇಳುವುದು ಅನುಚಿತವಾಗಲಾರದು. ಅದು ಬಾರದಿದ್ದರೂ ಆರಂಭವು ನಿಲ್ಲಬೇಕಾಗಿಲ್ಲ.

ಕರ್ನಾಟಕದ ಸಹಕಾರ ಸಂಘಗಳ ಕಾಯಿದೆಯಂತೆ ಪ್ರತಿ ಸಂಘವೂ ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ತನ್ನ ವಾರ್ಷಿಕ ಮಹಾಸಭೆಯನ್ನು ಕರೆಯತಕ್ಕದ್ದು. ಹೀಗಾಗಿ ಮಳೆ ಕಡಮೆಯಾಗುವ ಆ ದಿನಗಳಲ್ಲಿ ಮೂರು ತಾಲ್ಲೂಕುಗಳ ಸಂಘಗಳೆಲ್ಲವೂ ಒಂದೇ ಕಾಲಕ್ಕೆ ತಮ್ಮ ತಮ್ಮ ವರದಿಗಳನ್ನು ಅಚ್ಚಿಗೆ ಕಳುಹಿಸುತ್ತವೆ. ಆ ವರದಿಯನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡಿಕೊಡಬೇಕೆಂದು ಅಚ್ಚುಕೂಟದವರಿಗೆ ಮೊದಲೇ ತಿಳಿಸುವುದು, ಅಚ್ಚಾದ ಮೇಲೆ ಗಣಕಪ್ರತಿಯೊಂದನ್ನು ಸಂಘದ ಹೆಸರಿನ ಖಾತೆಯಲ್ಲಿ ಉಳಿಸಿಕೊಂಡು ನೆರೆಯ ಸಂಘಕ್ಕೂ ಒಂದನ್ನು ಕಳುಹಿಸುವುದು, ಮಹಾಸಭೆಯ ವಿಷಯಸೂಚಿಯಲ್ಲಿ ಇತರ ಸಂಘಗಳೊಡನೆ ದಾಖಲೆಗಳ ವಿನಿಮಯ ಎಂಬ ಒಂದು ವಿಷಯವನ್ನು ಸೇರಿಸಿ ಸದಸ್ಯರ ಒಪ್ಪಿಗೆಯ ಠರಾವನ್ನು ಪಡೆಯುವುದು, ಇಷ್ಟಕ್ಕೆ ಹೊಸ ಯಂತ್ರವೂ ಬೇಡ, ಹೊಸ ನೌಕರನೂ ಬೇಡ; ಸೂಚನಾಪತ್ರವು ಅಚ್ಚಿಗೆ ಹೋಗುವ ಮುನ್ನ ಆಡಳಿತ ಮಂಡಳಿಯ ಒಬ್ಬ ನಿರ್ದೇಶಕನು ಆ ಒಂದು ಸಾಲನ್ನು ಬರೆಯಿಸಿದರೆ ಆಯಿತು.